ಎಣಿಸುವ ಮೊದಲೇ ತೀರ್ಪು ಬೇಡ

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ ನಾವು ಕಾಗೆಯನ್ನೇ ದೂರುತ್ತೇವೆ. 2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಎನ್ನಲಾದ ಹಠಾತ್ ಸಾವುಗಳು ಒಂದರ ಹಿಂದೊಂದು ಸುದ್ದಿಯಾದಾಗ ಆದದ್ದೂ ಇದೇ. ಕೋವಿಡ್ ಲಸಿಕೆಯೇ ಕಾರಣ, ಸತ್ಯ ಮುಚ್ಚಿಡುತ್ತಿದ್ದಾರೆ ಎಂಬ ಗುಮಾನಿ ಊರೂರಿಗೆ ಹಬ್ಬಿತು. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯೆದುರು ಜನ ತಪಾಸಣೆಗೆ ಸಾಲುಗಟ್ಟಿದರು.

ಸರ್ಕಾರದ ತಜ್ಞರ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ನಾಲ್ಕು ಸಾವುಗಳಿಗೆ ಹೃದಯದ ಕಾಯಿಲೆ ಕಾರಣವೇ ಆಗಿರಲಿಲ್ಲ. ರಸ್ತೆ ಅಪಘಾತದ ಸಾವೂ ಆ ಪಟ್ಟಿಯಲ್ಲಿತ್ತು. ಹೃದಯಾಘಾತದ ಸಾವು ಅಸಹಜವಾಗಿ ಏರಿಲ್ಲ ಎಂದು ವರದಿ ಹೇಳಿತು.

ನಿತ್ಯದ ಸಾವನ್ನು ಎಣಿಸಲು ಕೂತ ದಿನದಿಂದ ಅದು ಹೆಚ್ಚಾದಂತೆ ಕಾಣುತ್ತದೆ. ಚುಕ್ಕಿ ಕಂಡಲ್ಲೆಲ್ಲ ಮನಸ್ಸು ರಂಗೋಲಿ ಬಿಡಿಸುತ್ತದೆ. ಕಾರಣವಿಲ್ಲದ ದುಃಖಕ್ಕಿಂತ ಕೈತೋರಿಸಲು ಒಬ್ಬ ಅಪರಾಧಿ ಸಿಕ್ಕ ದುಃಖ ಸಹ್ಯವೆನಿಸುತ್ತದೆ. ಇದು ದಡ್ಡತನವಲ್ಲ, ಮನುಷ್ಯ ಸ್ವಭಾವ. ಆದರೆ ಆ ಗುಮಾನಿಯ ಭರದಲ್ಲಿ ಮಧುಮೇಹ, ರಕ್ತದೊತ್ತಡ, ಬೀಡಿ-ಸಿಗರೇಟಿನಂಥ ನಿಜವಾದ ಅಪಾಯಗಳು ಮರೆಯಾಗುತ್ತವೆ.

ಹಾಸನವಿರಲಿ, ಮಧುಗಿರಿ-ಪಾವಗಡ ಸೀಮೆಯ ಕ್ಯಾತಗಾನಚೆರ್ಲುವಿನಂಥ ಹಳ್ಳಿಯಿರಲಿ, ಮೊಬೈಲ್‌ಗೆ ಬಂದ ಸುದ್ದಿಯನ್ನು ಮುಂದಕ್ಕೆ ದಾಟಿಸುವ ಮುನ್ನ ಒಂದು ಪ್ರಶ್ನೆ ಕೇಳೋಣ: ಹಿಂದಿನ ವರ್ಷ ಇದೇ ತಿಂಗಳಲ್ಲಿ ಎಷ್ಟು ಸಾವು? ಆ ಲೆಕ್ಕವನ್ನು ತಡವಿಲ್ಲದೆ ಜನರ ಮುಂದಿಡುವುದು ಸರ್ಕಾರದ ಹೊಣೆ. ಮೌನವೇ ವದಂತಿಗೆ ಗೊಬ್ಬರ.