ಹಳೆ ಫೈಲಿನ ನೆಪ

ಹಳಿಯಾಳದ ಡಿಟಿಪಿ ಅಂಗಡಿ ಇರಲಿ, ದಾಂಡೇಲಿಯದಿರಲಿ, ಕಥೆ ಒಂದೇ. ಗಿರಾಕಿ ಮೊಬೈಲಿನಲ್ಲೇ ಯೂನಿಕೋಡಿನಲ್ಲಿ ಟೈಪಿಸಿದ ಕರೆಯೋಲೆ ಮ್ಯಾಟರ್ ವಾಟ್ಸಾಪಿನಲ್ಲಿ ಬಂದಿರುತ್ತದೆ. ಆಪರೇಟರ್ ಅದನ್ನು ನೋಡಿಕೊಂಡು ‘ನುಡಿ’ ತಂತ್ರಾಂಶದಲ್ಲಿ ಮೊದಲಿಂದ ಕುಟ್ಟುತ್ತಾನೆ. ಕೇಳಿದರೆ, ‘ಪೇಜ್‌ಮೇಕರ್ ಯೂನಿಕೋಡ್ ತಗೊಳಲ್ರೀ’ ಅನ್ನುತ್ತಾನೆ. ನಿಜ, ತಗೊಳ್ಳುವುದಿಲ್ಲ. ಆ ಪುಟವಿನ್ಯಾಸ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. 2004ರಲ್ಲಿ ಅಡೋಬಿಯೇ ಅದನ್ನು ಕೈಬಿಟ್ಟಿತು. ಹೆತ್ತವರೇ ಬಿಟ್ಟದ್ದನ್ನು ನಾವು ಸಾಕುತ್ತಿದ್ದೇವೆ.

ಅಂಗಡಿಯವನಿಗಾದರೂ ಹೊಟ್ಟೆಪಾಡು. ಕಚೇರಿಗಳಿಗೇನಾಗಿದೆ? ನುಡಿಯಲ್ಲಿ ಯೂನಿಕೋಡೂ ಇದೆ, ಹಳೆ ಫೈಲುಗಳಿಗೆಂದು ಉಳಿಸಿದ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಫಾಂಟ್ ತೊಡಿಸುವ ಆಸ್ಕಿಯೂ ಇದೆ. ‘ಅಭ್ಯಾಸ ಆಗಿಬಿಟ್ಟಿದೆ ಸರ್’ ಎಂದು ಹೊಸ ಫೈಲನ್ನೂ ಆಸ್ಕಿಯಲ್ಲೇ ಹುಟ್ಟಿಸುತ್ತಾರೆ. ಆ ಕಡತದಲ್ಲಿ ಕನ್ನಡವೇ ಇರುವುದಿಲ್ಲ. ಫಾಂಟ್ ಕಿತ್ತು ನೋಡಿ: ‘ಕನ್ನಡ’ ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ, ಜರ್ಮನ್ ಅಕ್ಷರವೊಂದು, ಕ್ಯೂ. ಜೋಯಿಡಾದ ಗ್ರಾಮಸಭೆ ನಡಾವಳಿಯೊಂದು ಹೀಗಿದ್ದರೆ ಅದರಲ್ಲಿ ‘ಅತಿಕ್ರಮಣ’ ಎಂದು ಹುಡುಕಿ, ಸಿಗುವುದಿಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶವೂ ಬಡಬಡಿಸುತ್ತದೆ.

ಹಳೆಯದನ್ನು ಬಿಡುವ ರೀತಿಗೆ ಒಂದು ಉದಾಹರಣೆ ನೋಡಿ. ಹಳೆಯ ಯಂತ್ರಗಳನ್ನು ಹೊಸ ಕಂಪ್ಯೂಟರಿನೊಳಗೆ ಅನುಕರಿಸುವ ಕ್ಯೂಎಮು ಎಂಬ ಮುಕ್ತ ತಂತ್ರಾಂಶವಿದೆ. ಹಳೆಯದನ್ನು ಓಡಿಸುವುದೂ ಅದರ ಕಸುಬು. ಅದನ್ನು ಕಟ್ಟುವವರು ಕೂಡ, ಒಂದು ಆಯ್ಕೆಯ ಕಾಲ ಮುಗಿಯಿತೆಂದರೆ ಮೊದಲೇ ಸಾರಿ, ಎರಡು ಬಿಡುಗಡೆಗಳವರೆಗೆ ಗಡುವು ಕೊಟ್ಟು, ಕಿತ್ತುಹಾಕುತ್ತಾರೆ. ವರ್ಷಕ್ಕೆ ಸುಮಾರು ಮೂರು ಬಿಡುಗಡೆ, ಅಂದರೆ ಗಡುವು ವರ್ಷದೊಳಗೇ ಮುಗಿಯುತ್ತದೆ. ನಮ್ಮಲ್ಲೋ, ಕನ್ನಡ ಯೂನಿಕೋಡಿನಲ್ಲಿರುವುದು 1991ರ ಮೊದಲ ಆವೃತ್ತಿಯಿಂದ. ವಿಂಡೋಸ್ ಎಕ್ಸ್‌ಪಿ ಜತೆ ಕನ್ನಡದ ತುಂಗಾ ಫಾಂಟ್ ಬಂದದ್ದು 2001ರಲ್ಲಿ. ಮುಂಡಗೋಡ ಕ್ಯಾಂಪಿನ ಟಿಬೆಟಿಯನ್ನರ ಲಿಪಿ ಯೂನಿಕೋಡಿನಲ್ಲಿ ನೆಲೆಯೂರಿದ್ದೇ 1996ರಲ್ಲಿ, ನಮಗಿಂತ ಐದು ವರ್ಷ ತಡವಾಗಿ. ನಮಗೆ ಇನ್ನೆಷ್ಟು ಗಡುವು ಬೇಕು?

ಹಳೆ ಫೈಲನ್ನು ಯೂನಿಕೋಡಿಗೆ ತರಲು ಪರಿವರ್ತಕಗಳಿವೆ. ಇಂಗ್ಲಿಷ್ ಬೆರೆತ ಕಡೆ ಅವು ಎಡವುತ್ತವೆ, ಕಣ್ಣಾಡಿಸಿ ತಿದ್ದಬೇಕು. ಅಷ್ಟು ಕೆಲಸಕ್ಕೆ ಮೈಗಳ್ಳತನ ಮಾಡಿ ‘ಹಳೆ ಫೈಲುಗಳ ಜತೆ ಹೊಂದಾಣಿಕೆ’ ಎಂದು ನೆಪ ಹೇಳಬಾರದು. ಆಸ್ಕಿಯಲ್ಲಿ ಬಂದ ಹೊಸ ನಡಾವಳಿಯನ್ನು ಸಹಿ ಹಾಕದೆ ವಾಪಸ್ ಕಳಿಸಲು ಅಧಿಕಾರಿಗಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಕಳಿಸುವ ಮುಂಚೆ ತಮ್ಮ ಟೇಬಲ್ಲಿನ ಕಂಪ್ಯೂಟರು ಯಾವುದರಲ್ಲಿ ಟೈಪಿಸುತ್ತಿದೆ ಎಂದು ನೋಡಿಕೊಳ್ಳಲಿ.