ಮೂಲೆ ಕಿಟಕಿಗೆ ನೆರಿಗೆಯ ಪರದೆ



ಪರದೆ ಎಂದೊಡನೆ ಇಂಗ್ಲಿಷ್ ಬಿ.ಎ. ಓದಿದ ನನಗೆ ನೆನಪಾಗುತ್ತಿದ್ದುದು ಹ್ಯಾಮ್ಲೆಟ್ ನಾಟಕ. ಅದರಲ್ಲಿ ಪಾಪ, ಪೊಲೋನಿಯಸ್ ಪರದೆಯ ಹಿಂದೆ ನಿಂತು ಪ್ರಾಣ ಕಳೆದುಕೊಂಡ. ಪರದೆಯ ಮುಂದೆ ನಿಂತು ಮಾನ ಕಳೆದುಕೊಂಡವಳು ನಾನು! ಆ ಕತೆ ಹೇಳಿದರೆ ನಿಮ್ಮಲ್ಲಿ ಯಾರಿಗಾದರೂ ನಾಲ್ಕು ಕಾಸು ಉಳಿದೀತೆಂದು ಈ ಸಲ ಅದನ್ನೇ ಎತ್ತಿಕೊಂಡಿದ್ದೇನೆ.

ಮುಂಬಯಿಯಲ್ಲಿ ಹಳೆಯ ಕಟ್ಟಡ ಕೆಡವಿ ಹೊಸತು ಕಟ್ಟುವ ಭರಾಟೆ ನಿಮಗೆ ಗೊತ್ತೇ ಇದೆ. ಮುಲುಂಡಿನ ನಮ್ಮ ಸೊಸೈಟಿಗೂ ಆ ಭಾಗ್ಯ ಬಂತು. ಹೊಸ ಫ್ಲ್ಯಾಟಿನ ಒಂದು ಕೋಣೆಗೆ ಪಶ್ಚಿಮಕ್ಕೊಂದು, ದಕ್ಷಿಣಕ್ಕೊಂದು ಕಿಟಕಿ. ಮೂಲೆಯಲ್ಲಿ ಎರಡರ ನಡುವೆ ಗೇಣು ಗೋಡೆಯೂ ಇಲ್ಲ. ಎಂಬತ್ತು ದಾಟಿದ ನಮ್ಮ ಅತ್ತೆಗೆ ಆ ಕೋಣೆ, ಅವರ ಮಂಚ ಆ ಮೂಲೆಗೆ ಎಂದು ನಿಶ್ಚಯವಾಯಿತು.

ನಾನು ಟೇಪು ಹಿಡಿದು ಕಿಟಕಿ ಅಳೆದೆ. ಒಂದು 60 ಇಂಚು, ಇನ್ನೊಂದು 48. ಹಳೆಯ ಮನೆಯ ರೂಢಿಯಂತೆ ಎರಡು ಪಟ್ಟು ಬಟ್ಟೆ ತಂದು ಪ್ರತಿ ಕಿಟಕಿಗೂ ಎರಡೆರಡು ಪರದೆ ಹೊಲಿಸಿದೆ. ಬಡಗಿ ಬಂದು ರಾಡು ಹಾಕಲು ಹೋದರೆ ಮೂಲೆಯಲ್ಲಿ ಎರಡೂ ಒಂದಕ್ಕೊಂದು ಗುದ್ದಿದವು. ಅವನು ಪಶ್ಚಿಮದ ರಾಡನ್ನು ಕುಯ್ದು ಗಿಡ್ಡ ಮಾಡಿದ. ಮೂಲೆಯ ಬದಿಗೆ ನಾಲ್ಕು ಬೆರಳಷ್ಟು ಗಾಜು ಬಯಲಾಗಿಯೇ ಉಳಿಯಿತು. ಪರದೆ ಸರಿಸಿದರೋ, ಎರಡು ಪರದೆ ಮೂಲೆಗೇ ಬಂದು ಮುದ್ದೆಯಾಗಿ ಬೆಳಕು ನುಂಗಿದವು. "ಷೇಕ್ಸ್‌ಪಿಯರ್ ಬಂತು, ಲಂಬಕೋನ ಬರಲಿಲ್ಲ" ಎಂದು ನಮ್ಮವರು ನಕ್ಕರು. ನಾಲ್ಕು ಬೆರಳು ತಾನೇ ಎಂದು ನಾನೂ ಬಿಟ್ಟೆ.

ಕೆಲವು ದಿನ ಕಳೆದ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಮಧ್ಯಾಹ್ನ ಮೂರು ಗಂಟೆಯಾಯಿತೆಂದರೆ ಅತ್ತೆ ಸೆರಗನ್ನು ಮುಖಕ್ಕೆಳೆದುಕೊಂಡು ಮಲಗುತ್ತಾರೆ, ಮಾತಿಲ್ಲ. ಹೊಸ ಮನೆ ಹಿಡಿಸಲಿಲ್ಲವೋ, ನನ್ನ ಮೇಲೆ ಮುನಿಸೋ ಎಂದು ನನಗೂ ಬಿಗುಮಾನ. ಒಂದು ದಿನ ಕಾಲು ಒತ್ತಲು ಮಂಚದ ಮೇಲೆ ಕೂತೆ. ಆ ಸಂದಿಯಿಂದ ಬಿಸಿಲು ಚೂರಿಯ ಹಾಗೆ ಕಣ್ಣಿಗೆ ಬಿತ್ತು! ಕಣ್ಣಿನ ಪೊರೆ ತೆಗೆಸಿಕೊಂಡು ಕೆಲವೇ ತಿಂಗಳಾದ ಜೀವ ಅದನ್ನು ದಿನಾ ಸಹಿಸುತ್ತಿತ್ತು.

"ಹೇಳಬಾರದಿತ್ತೇ ಅತ್ತೆ?" ಎಂದೆ.

"ಹೊಸ ಪರದೆ, ಇಷ್ಟು ದುಡ್ಡು ಹಾಕಿದ್ದಿ. ಹೇಗೆ ಹೇಳುವುದು ಮಾರಾಯ್ತಿ?" ಎಂದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಬೆಳಿಗ್ಗೆಯೇ ಟೇಪು ಹಿಡಿದೆ. ನಿಮ್ಮ ಮನೆಯಲ್ಲೂ ಮೂಲೆ ಕಿಟಕಿಯಿದ್ದರೆ ಇಷ್ಟು ಬರೆದಿಟ್ಟುಕೊಳ್ಳಿ.

ಮೊದಲನೆಯದಾಗಿ, ಬಟ್ಟೆಯ ಟೇಪು ಬೇಡ, ಹಿಗ್ಗುತ್ತದೆ. ಬಡಗಿಯ ಉಕ್ಕಿನ ಟೇಪಿನಿಂದ ಅಳೆಯಿರಿ. ಅಳೆಯಬೇಕಾದುದು ಕಿಟಕಿಯನ್ನಲ್ಲ, ರಾಡನ್ನು. ಬ್ರಾಕೆಟ್ ರಾಡನ್ನು ಗೋಡೆಯಿಂದ ಮುಂದಕ್ಕೆ ತರುತ್ತದೆ, ನಮ್ಮಲ್ಲಿ ಅದು 4 ಇಂಚು. ಎರಡೂ ಗೋಡೆಯಿಂದ 4 ಇಂಚು ಬಿಟ್ಟು ಗೆರೆ ಎಳೆದರೆ ಅವು ಕೂಡುವ ಬಿಂದುವೇ ಪರದೆಯ ನಿಜವಾದ ಮೂಲೆ. ಅಲ್ಲಿಂದ ಹೊರಕ್ಕೆ ಎರಡು ಕಡೆಯನ್ನೂ ಬೇರೆಬೇರೆಯಾಗಿ ಅಳೆಯಿರಿ. ರಾಡಿನ ತುದಿಗೆ ಹಾಕುವ ಗುಂಡು ಮೂಲೆಯ ಕಡೆಗೆ ಬೇಡವೇ ಬೇಡ.

ಎರಡನೆಯದು, ಪ್ರತಿ ಕಡೆಗೆ ಒಂದೇ ಪರದೆ. ಅದು ಮೂಲೆಯಿಂದ ಹೊರಕ್ಕೆ ಸರಿಯಬೇಕು. ಸರಿದ ಪರದೆಗೂ ನಿಲ್ಲಲು ಜಾಗ ಬೇಕಲ್ಲ? ಕಿಟಕಿಯಾಚೆ 12 ಇಂಚು ರಾಡು ಮುಂದುವರಿಸಿದೆವು. ಹೀಗೆ ಪಶ್ಚಿಮಕ್ಕೆ 72, ದಕ್ಷಿಣಕ್ಕೆ 60 ಇಂಚು. ಹೊರತುದಿಯಲ್ಲಿ ಪರದೆ ಗೋಡೆಗೆ ಮುಟ್ಟಲು ತಲಾ 4 ಇಂಚು ಸೇರಿ 76 ಮತ್ತು 64.

ಮೂರನೆಯದು ನೆರಿಗೆಯ ಲೆಕ್ಕ. ಸೀರೆ ಉಡುವ ನಮಗೆ ಇದನ್ನು ಹೇಳಿಕೊಡಬೇಕೇ? ನೆರಿಗೆ ಚೆನ್ನಾಗಿ ನಿಲ್ಲಬೇಕಾದರೆ ಅಗಲದ ಎರಡರಿಂದ ಎರಡೂವರೆ ಪಟ್ಟು ಬಟ್ಟೆ ಬೇಕು. ನಮ್ಮ ಬಟ್ಟೆಯ ಪನ್ನ 48 ಇಂಚು. ಆದ್ದರಿಂದ ಪಶ್ಚಿಮಕ್ಕೆ 4 ಪನ್ನ, ದಕ್ಷಿಣಕ್ಕೆ 3.

ನಾಲ್ಕನೆಯದು ಉದ್ದ. ನೆಲ, ಗೋಡೆ ಸಮ ಎಂದು ನಂಬಬೇಡಿ, ಮೂರು ಕಡೆ ಅಳೆದು ಅತಿ ಕಡಿಮೆ ಬಂದದ್ದನ್ನು ಹಿಡಿಯಿರಿ. ಅದರಲ್ಲಿ ಅರ್ಧ ಇಂಚು ಕಳೆಯಿರಿ, ನೆಲ ಒರೆಸುವಾಗ ಅಂಚು ಒದ್ದೆಯಾಗದು. ಕೆಳಗಿನ ಮಡಿಕೆಗೆ 6, ಮೇಲೆ ಬಕ್ರಂ ಕೂಡಿಸಲು 4 ಇಂಚು ಸೇರಿಸಿ. ನಮ್ಮಲ್ಲಿ ಒಂದೊಂದು ಪನ್ನಕ್ಕೆ 93½ ಇಂಚು, ಅಂದರೆ ಸುಮಾರು 2 ಮೀಟರ್ 40 ಸೆಂಟಿಮೀಟರ್ ಬಂತು. ಏಳು ಪನ್ನಕ್ಕೆ 17 ಮೀಟರ್. ಟೇಲರ್ ಕೇಳುವುದು ಇಂಚು, ಅಂಗಡಿಯವನು ಅಳೆಯುವುದು ಮೀಟರು, ಚೀಟಿಯಲ್ಲಿ ಎರಡನ್ನೂ ಬರೆಯಿರಿ. ದೊಡ್ಡ ಹೂವಿನ ಬಟ್ಟೆಯಾದರೆ ಹೂವಿಗೆ ಹೂವು ಕೂಡಿಸಲು ಇನ್ನಷ್ಟು ಬೇಕು. ಹತ್ತಿ ಬಟ್ಟೆಯನ್ನು ಹೊಲಿಸುವ ಮೊದಲೇ ನೆನೆಸಿ ಒಣಗಿಸಿ.

ಹಳೆಯ ಪರದೆಗಳನ್ನು ಬಿಚ್ಚಿದಾಗ ಐದು ಪನ್ನ ಸಿಕ್ಕಿತು. ಪುಣ್ಯಕ್ಕೆ ಅದೇ ಥಾನು ಅಂಗಡಿಯಲ್ಲಿ ಉಳಿದಿತ್ತು, ಎರಡೇ ಪನ್ನ ಹೊಸತಾಗಿ ಕೊಂಡೆ. ರಾಡು ಮತ್ತು ಹೊಲಿಗೆಯ ಖರ್ಚು ಮಾತ್ರ ದಂಡ.

ಈಗ ಮೂರು ಗಂಟೆಗೆ ನಾನು ಪರದೆ ಎಳೆಯುತ್ತೇನೆ. ಬಿಸಿಲು ಇಳಿದ ಮೇಲೆ ಅತ್ತೆಯೇ ಕೂಗುತ್ತಾರೆ, "ಇನ್ನು ತೆರೆ ಮಾರಾಯ್ತಿ, ಗಿಳಿ ಬರುವ ಹೊತ್ತು."

ನೀವು ಅಂಗಡಿಗೆ ಹೊರಡುವ ಮೊದಲು ಒಂದು ಕೆಲಸ ಮಾಡಿ. ಆ ಕೋಣೆಯಲ್ಲಿ ಮಲಗುವವರ ಜಾಗದಲ್ಲಿ ಮಧ್ಯಾಹ್ನ ಒಂದು ಗಳಿಗೆ ನೀವೇ ಮಲಗಿ ನೋಡಿ. ಅವರನ್ನು ಒಂದು ಮಾತು ಕೇಳಿ. ಕೇಳದೆ ಹೇಳುವವರು ನಮ್ಮ ಹಿರಿಯರಲ್ಲಿ ಕಡಿಮೆ.