ಗೃಹಕಲೆ: ನೆನಪಿನ ಪುಟಕ್ಕೆ ಮನೆಯದೇ ಹಿನ್ನೆಲೆ

ಕಳೆದ ಸಂಚಿಕೆಯಲ್ಲಿ ಮನೆಯೊಳಗಣ ಹಳೆಯ ಭಾವಚಿತ್ರಗಳನ್ನು ಗಣಕಯಂತ್ರಕ್ಕೆ ಇಳಿಸಿಕೊಳ್ಳುವ ಬಗೆಯನ್ನು ಕುರಿತು ನಾಲ್ಕು ಮಾತು ಬರೆದಿದ್ದೆನು. ಹಾಗೆ ಇಳಿಸಿಕೊಂಡ ಚಿತ್ರಗಳನ್ನು ಗಣಕಯಂತ್ರದಲ್ಲಿಯೇ ಪುಟಪುಟವಾಗಿ ಜೋಡಿಸಿ, ಹೆಸರು, ದಿನ, ಸಂದರ್ಭಗಳನ್ನು ಬರೆದು, ಅಚ್ಚು ಹಾಕಿಸಿ ಇಟ್ಟುಕೊಳ್ಳುವ ಪುಸ್ತಕಕ್ಕೆ ಡಿಜಿಟಲ್ ಸ್ಕ್ರ್ಯಾಪ್‌ಬುಕ್ ಎಂದು ಹೆಸರು. ಅಂತಹ ಪುಟದಲ್ಲಿ ಚಿತ್ರಗಳ ಹಿಂದೆ ಹಾಸುವ ಬಣ್ಣದ ಹಾಳೆಯನ್ನು ನಮ್ಮ ಕೈಯಿಂದಲೇ ರಚಿಸಿಕೊಳ್ಳುವುದು ಹೇಗೆಂಬುದು ಈ ತಿಂಗಳ ವಿಷಯ.

ನಮ್ಮ ಹಿರಿಯರ ಕಾಲದ ಆಲ್ಬಮ್ಮುಗಳಲ್ಲಿ ಹಿನ್ನೆಲೆಯೆಂದರೆ ಕಪ್ಪು ಹಾಳೆಯೊಂದೇ. ಚಿತ್ರದ ನಾಲ್ಕು ಮೂಲೆಗಳಿಗೆ ಕಾಗದದ ಮೂಲೆಗಳನ್ನು ಅಂಟಿಸಿ, ಪುಟಪುಟಕ್ಕೂ ನಡುವೆ ತೆಳುವಾದ ಕಾಗದವನ್ನಿಟ್ಟು ಜೋಪಾನ ಮಾಡುತ್ತಿದ್ದರು. ಅಂಟಿನ ತೊಂದರೆ ಆಗಲೂ ಇದ್ದಿತು. ಅಮೆರಿಕದ ಪ್ರಸಿದ್ಧ ಲೇಖಕ ಮಾರ್ಕ್ ಟ್ವೇನನು ೧೮೭೩ರಲ್ಲಿ ತಾನೇ ಅಂಟಿಕೊಳ್ಳುವ ಪುಟಗಳ ಪುಸ್ತಕವೊಂದಕ್ಕೆ ಪೇಟೆಂಟು ಪಡೆದನೆಂದ ಮೇಲೆ ಆ ತೊಂದರೆಯು ಎಷ್ಟು ಮನೆಗಳಲ್ಲಿದ್ದಿರಬೇಕೆಂಬುದನ್ನು ಊಹಿಸಬಹುದು. ಈಗ ಅಂಟೂ ಬೇಡ, ಕತ್ತರಿಯೂ ಬೇಡ. ಹೂಬಳ್ಳಿಗಳಿಂದ ಅಲಂಕೃತವಾದ ಸಿದ್ಧ ಹಾಳೆಗಳು ಅಂತರ್ಜಾಲದಲ್ಲಿ ಹಣಕ್ಕೂ ದೊರೆಯುತ್ತವೆ, ಹಣವಿಲ್ಲದೆಯೂ ದೊರೆಯುತ್ತವೆ. ಅವನ್ನು ಬಳಸಿದರೆ ತಪ್ಪೇನೂ ಇಲ್ಲ. ರಚಿಸಿದವರು ವಿಧಿಸಿದ ಕಟ್ಟಳೆಗಳನ್ನು ಮಾತ್ರ ಮೊದಲು ಓದಿಕೊಳ್ಳತಕ್ಕದ್ದು. ಆದರೆ ಅಜ್ಜಿಯ ಚಿತ್ರದ ಹಿಂದೆ ಕಾಣದ ಊರಿನ ಗುಲಾಬಿ ಬಳ್ಳಿಗಿಂತ ಆಕೆಯೇ ಉಟ್ಟ ಸೀರೆಯ ಸೆರಗು ಇದ್ದರೆ ಮನೆಯವರ ಮನಸ್ಸಿಗೆ ಎಷ್ಟು ಹಿತ!

ಈ ಕೆಲಸದಲ್ಲಿ ನಾನು ಮಾಡಿದ ತಪ್ಪೊಂದನ್ನು ಮೊದಲು ಒಪ್ಪಿಕೊಳ್ಳುವೆನು. ನಮ್ಮ ಅಣ್ಣನ ಅರುವತ್ತರ ಶಾಂತಿಗೆಂದು ಒಂದು ಚಿತ್ರಪುಸ್ತಕವನ್ನು ಸಿದ್ಧಪಡಿಸಬೇಕೆಂದು ನನಗೆ ಆಸೆಯಾಯಿತು. ನಮ್ಮ ತಾಯಿಯವರದು ಒಂದು ಹಳೆಯ ಇಳಕಲ್ಲು ಸೀರೆ ತವರುಮನೆಯ ಟ್ರಂಕಿನಲ್ಲಿದ್ದಿತು. ಕೆಂಪು ರೇಷ್ಮೆಯ ಸೆರಗು. ಅದರಲ್ಲಿ ಟೋಪು ತೆನಿಯೆಂದು ಕರೆಯುವ ಬಿಳಿಯ ಗೋಪುರಗಳ ಸಾಲು. ತಾಯಿಯವರು ಹಬ್ಬಹುಣ್ಣಿಮೆಗಳಲ್ಲಿ ಅದನ್ನುಟ್ಟು ಆರತಿ ಹಿಡಿದು ನಿಂತುದು ನಮ್ಮೆಲ್ಲರ ಕಣ್ಣಿನಲ್ಲಿ ಇನ್ನೂ ಇದೆ. ಆ ಸೆರಗನ್ನೇ ಪುಸ್ತಕದ ಹಿನ್ನೆಲೆಯಾಗಿ ಮಾಡಬೇಕೆಂದು, ಶ್ರಾವಣದಲ್ಲಿ ಅತ್ತಿಗೆಯವರಿಗೆ ಹೇಳಿ ಅದರ ಚಿತ್ರವನ್ನು ಮೊಬೈಲಿನಲ್ಲಿ ತೆಗೆಯಿಸಿ ಸಂದೇಶದ ಮೂಲಕ ತರಿಸಿಕೊಂಡೆನು. ಅಂಗೈಯಗಲದ ಪರದೆಯ ಮೇಲೆ ಅದು ಬಹು ಚೆನ್ನಾಗಿ ಕಂಡಿತು. ಸರಿ, ಕೆಲಸವಾಯಿತೆಂದು ಸುಮ್ಮನಾದೆನು.

ಮಾಘದಲ್ಲಿ ಪುಟಗಳು ಅಚ್ಚಾಗಿ ಬಂದುವು. ನೋಡುತ್ತೇನೆ, ಗೋಪುರಗಳ ಅಂಚೆಲ್ಲ ನೀರಿನಲ್ಲಿ ನೆನೆದಂತೆ ಕದಡಿಹೋಗಿವೆ; ಎಳೆಯ ಸುಳಿವೇ ಇಲ್ಲ. ಸಂದೇಶದಲ್ಲಿ ಕಳುಹುವಾಗ ಚಿತ್ರವು ಕಿರಿದಾಗಿ, ನನ್ನ ಕೈಸೇರಿದುದು ೧೨೦೦ ಪಿಕ್ಸೆಲ್ ಅಗಲದ್ದು ಮಾತ್ರವೆಂಬುದು ಆಗ ತಿಳಿಯಿತು. ಸೀರೆಯನ್ನೇ ತರಿಸಿ ಮತ್ತೊಮ್ಮೆ ತೆಗೆಯೋಣವೆಂದು ಫೋನು ಮಾಡಿದರೆ ಅತ್ತಿಗೆಯವರು, “ಅಯ್ಯ, ಅದು ಪೂರಾ ಜೀರ್ಣ ಆಗಿತ್ತಲ್ಲವ್ವ! ದೀಪಾವಳಿ ಮುಂದ ಭಾಂಡೆದಾಕಿಗೆ ಹಾಕಿ ಒಂದು ಬೋಗಾಣಿ ತಗೊಂಡೆ. ನಿನಗ ಫೋಟೋ ಕಳಿಸೀನಲ್ಲ?” ಎಂದರು. ಅವರದೇನು ತಪ್ಪು? ಚಿತ್ರ ಸಿಕ್ಕಿತು, ಸಾಕು ಎಂದವಳು ನಾನೇ.

ಈ ತಪ್ಪು ಎಲ್ಲಿ ಆಯಿತೆಂಬುದನ್ನು ಲೆಕ್ಕದಿಂದ ತಿಳಿಯೋಣ. ಗಣಕಯಂತ್ರದ ಚಿತ್ರವೆಂಬುದು ಸಣ್ಣ ಸಣ್ಣ ಬಣ್ಣದ ಚುಕ್ಕೆಗಳ ಒಂದು ಹಾಸು. ಒಂದೊಂದು ಚುಕ್ಕೆಗೆ ಪಿಕ್ಸೆಲ್ ಎಂದು ಹೆಸರು. ಕಸೂತಿಯನ್ನು ಬಲ್ಲ ಸೋದರಿಯರಿಗೆ ಇದು ಹೊಸತಲ್ಲ. ಗವಂತಿ, ಮುರಗಿ, ನೇಗಿ, ಮೆಂಥೆಗಳಲ್ಲಿ ಯಾವುದನ್ನು ಹಾಕಿದರೂ ಬಟ್ಟೆಯ ಎಳೆಗಳನ್ನು ಎಣಿಸಿಯೇ ಹಾಕಬೇಕಷ್ಟೆ. ಎಳೆ ನಯವಾಗಿದ್ದಷ್ಟೂ ತೇರು, ಗೋಪುರಗಳ ಅಂಚು ನಯವಾಗುವುದು. ಹಾಗೆಯೇ ಅಚ್ಚಿನಲ್ಲಿ ಚಿತ್ರವು ಸ್ಪಷ್ಟವಾಗಿ ಮೂಡಬೇಕಾದರೆ ಅಂಗುಲಕ್ಕೆ ೩೦೦ ಪಿಕ್ಸೆಲ್‌ಗಳಿರಬೇಕೆಂಬುದು ಸಾಮಾನ್ಯ ನಿಯಮ. ಸ್ಕ್ರ್ಯಾಪ್‌ಬುಕ್ಕಿನ ರೂಢಿಯ ಅಳತೆ ೧೨ ಅಂಗುಲದ ಚೌಕ. ಎಂದರೆ ಅಗಲಕ್ಕೆ ೩೬೦೦, ಎತ್ತರಕ್ಕೆ ೩೬೦೦ ಪಿಕ್ಸೆಲ್. ನಾನು ೧೨೦೦ನ್ನು ೧೨ ಅಂಗುಲಕ್ಕೆ ಎಳೆದುದರಿಂದ ಅಂಗುಲಕ್ಕೆ ನೂರು ಮಾತ್ರ ಉಳಿದುವು. ಇಲ್ಲದ ಎಳೆಗಳನ್ನು ಯಂತ್ರವು ಎಲ್ಲಿಂದ ತಂದೀತು? ಮನೆಯ ಮುದ್ರಣಯಂತ್ರದಲ್ಲಿ ಎ೪ ಕಾಗದದ ಮೇಲೆ ಅಚ್ಚು ಮಾಡಿಕೊಳ್ಳುವವರು ೮ ಅಂಗುಲದ ಚೌಕವನ್ನು ಇಟ್ಟುಕೊಳ್ಳಬಹುದು. ಆಗ ೨೪೦೦ಕ್ಕೆ ೨೪೦೦ ಸಾಕು.

ಇನ್ನು ಸಾಧನಗಳ ಮಾತು. ೧೯೯೦ರಲ್ಲಿ ಮೊದಲು ಹೊರಬಂದ ಫೋಟೋಶಾಪ್ ಎಂಬ ತಂತ್ರಾಂಶಕ್ಕೆ ಹಣ ತೆರಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಇಬ್ಬರು ವಿದ್ಯಾರ್ಥಿಗಳು ರಚಿಸಿ ೧೯೯೬ರಲ್ಲಿ ಸಾರ್ವಜನಿಕರಿಗೆ ಕೊಟ್ಟ ಗಿಂಪ್ ಎಂಬುದು ಉಚಿತ. ಗೃಹಕೃತ್ಯದವರಿಗೆ ಗಿಂಪ್ ಧಾರಾಳವಾಗಿ ಸಾಕು. ಮುಂದೆ ಹೇಳುವ ಕ್ರಮವೆಲ್ಲ ಅದನ್ನೇ ಅನುಸರಿಸಿದೆ.

ಸೀರೆಯು ಹೋದ ಮೇಲೆ ನಾನು ಬಹಳ ಪರಿತಪಿಸಿದೆನು. ಆಗ ಅತ್ತಿಗೆಯವರಿಗೇ ನೆನಪಾಯಿತು: ಆ ಸೆರಗಿನ ಹರಿದ ತುದಿಯೊಂದನ್ನು ತಾಯಿಯವರು ತಾವೇ ಒಂದು ಕೌದಿಗೆ ಹಚ್ಚಿ ಹೊಲಿದಿದ್ದರು. ಕೌದಿ ಬಂದಿತು. ನೂರಾರು ತೇಪೆಗಳ ನಡುವೆ ಆ ಕೆಂಪು ತುಂಡು, ನಾಲ್ಕು ಅಂಗುಲ ಉದ್ದ, ಮೂರು ಅಂಗುಲ ಅಗಲ. ಇಷ್ಟರಿಂದ ಹನ್ನೆರಡು ಅಂಗುಲದ ಹಾಳೆಯಾದೀತೆ ಎಂದು ಸಂಶಯಪಡಬೇಡಿ. ಆದ ಬಗೆ ಹೀಗೆ.

ಮೊದಲನೆಯದಾಗಿ, ಬಟ್ಟೆಯನ್ನು ಸ್ಕ್ಯಾನರಿನ ಗಾಜಿನ ಮೇಲೆ ಸುಕ್ಕಿಲ್ಲದಂತೆ, ಎಳೆಗಳು ಗಾಜಿನ ಅಂಚಿಗೆ ನೇರವಾಗಿರುವಂತೆ ಹರಡಿ, ಮೇಲೆ ದಪ್ಪನೆಯ ಪುಸ್ತಕವೊಂದನ್ನಿಟ್ಟು, ಅಂಗುಲಕ್ಕೆ ೬೦೦ರಂತೆ ಇಳಿಸಿಕೊಂಡೆನು. ಬೇಕಾದುದಕ್ಕಿಂತ ಇಮ್ಮಡಿ ಏಕೆಂದರೆ, ನೇಯ್ಗೆಯ ಎಳೆಗಳ ಸಾಲೂ ಪಿಕ್ಸೆಲ್‌ಗಳ ಸಾಲೂ ಒಂದರೊಡನೊಂದು ತೊಡಕಿಕೊಂಡು ಬಟ್ಟೆಯಲ್ಲಿಲ್ಲದ ಅಲೆಗಳು ಚಿತ್ರದಲ್ಲಿ ಕಾಣಿಸಿಕೊಳ್ಳುವುದುಂಟು. ಹೆಚ್ಚಾಗಿ ಇಳಿಸಿಕೊಂಡು ತರುವಾಯ ತಗ್ಗಿಸಿದರೆ ಆ ದೋಷವು ಬಹುಮಟ್ಟಿಗೆ ತಗ್ಗುವುದು. ಸ್ಕ್ಯಾನರಿಲ್ಲದವರು ಬಟ್ಟೆಯನ್ನು ಬಾಗಿಲ ಬಳಿಯ ನೆರಳು ಬೆಳಕಿನಲ್ಲಿ ನೆಲಕ್ಕೆ ಹಾಸಿ, ಫ್ಲ್ಯಾಶ್ ಹಾಕದೆ, ನೇರವಾಗಿ ಮೇಲಿನಿಂದ ಚಿತ್ರ ತೆಗೆಯಬಹುದು. ಅದನ್ನು ತಂತಿಯ ಮೂಲಕವಾಗಲಿ, ಸಂದೇಶದಲ್ಲಾದರೆ ಡಾಕ್ಯುಮೆಂಟ್ ರೂಪದಲ್ಲಾಗಲಿ ಗಣಕಯಂತ್ರಕ್ಕೆ ಸಾಗಿಸಿದರೆ ಕಿರಿದಾಗದು.

ಎರಡನೆಯದಾಗಿ, ಆ ಚಿತ್ರದಿಂದ ಎರಡು ಅಂಗುಲದ ಚೌಕವೊಂದನ್ನು ಕತ್ತರಿಸಿ ೬೦೦ಕ್ಕೆ ೬೦೦ ಪಿಕ್ಸೆಲ್‌ಗೆ ತಗ್ಗಿಸಿದೆನು. ಚೌಕದೊಳಗೆ ವಿನ್ಯಾಸವು ಪೂರ್ಣವಾಗಿ ಬರಬೇಕು. ಅರ್ಧ ಗೋಪುರ ಬಂದರೆ ಮುಂದೆ ಸಾಲು ಕೂಡುವುದಿಲ್ಲ. ನನ್ನ ತುಂಡಿನಲ್ಲಿ ವಿನ್ಯಾಸವು ಎರಡು ಅಂಗುಲಕ್ಕಿಂತ ತುಸು ಕಡಮೆಯಿದ್ದುದರಿಂದ ಪೂರ್ಣವಾದಷ್ಟನ್ನೇ ಕತ್ತರಿಸಿ ಆ ಅಳತೆಗೆ ಸರಿಪಡಿಸಿದೆನು.

ಮೂರನೆಯದೇ ಮುಖ್ಯವಾದುದು. ಚೌಕಗಳನ್ನು ಒತ್ತಿನಲ್ಲಿ ಇಟ್ಟರೆ ಕೂಡುವ ಕಡೆ ಗೆರೆ ಕಾಣುವುದು. ಇದಕ್ಕೆ ‘ಲೇಯರ್’ ಪಟ್ಟಿಯೊಳಗಣ ‘ಟ್ರಾನ್ಸ್‌ಫಾರ್ಮ್’ ಎಂಬಲ್ಲಿ ‘ಆಫ್‌ಸೆಟ್’ ಎಂಬುದನ್ನು ಆರಿಸಿ, ಚಿತ್ರವನ್ನು ಅಡ್ಡಕ್ಕೆ ೩೦೦, ಉದ್ದಕ್ಕೆ ೩೦೦ ಪಿಕ್ಸೆಲ್ ಸರಿಸಬೇಕು. ಬಲಕ್ಕೆ ಹೊರಬಿದ್ದ ಭಾಗವು ಎಡದಿಂದ ಒಳಬರುವುದು, ಕೆಳಕ್ಕೆ ಹೊರಬಿದ್ದುದು ಮೇಲಿನಿಂದ. ಈಗ ಅಂಚುಗಳೆಲ್ಲ ನಡುವಿಗೆ ಬಂದು ಕೂಡಿಕೆಯ ಗೆರೆಯು ಅಧಿಕ ಚಿಹ್ನೆಯಂತೆ ಕಾಣುವುದು. ‘ಕ್ಲೋನ್’ ಎಂಬ ಉಪಕರಣದಿಂದ ಪಕ್ಕದ ನೇಯ್ಗೆಯನ್ನು ತಂದು ಆ ಗೆರೆಯನ್ನು ಮುಚ್ಚಿರಿ. ಹೊರ ಅಂಚನ್ನು ಮಾತ್ರ ಮುಟ್ಟಬೇಡಿ. ಕೌದಿಯ ಹೊಲಿಗೆಯ ಎರಡು ಎಳೆ ನನ್ನ ಚೌಕದಲ್ಲಿ ಬಂದಿದ್ದುವು. ಅವನ್ನು ಅಳಿಸಹೋಗಿ ಕೈತಡೆದೆನು. ಅವು ತಾಯಿಯವರ ಕೈಯ ಹೊಲಿಗೆಯಲ್ಲವೆ? ಹಾಗೆಯೇ ಬಿಟ್ಟೆನು.

ಬಳಿಕ ಚೌಕವನ್ನು ‘ಕಾಪಿ’ ಮಾಡಿಕೊಂಡು, ೩೬೦೦ಕ್ಕೆ ೩೬೦೦ರ ಹೊಸ ಹಾಳೆಯನ್ನು ತೆರೆದು, ‘ಬಕೆಟ್ ಫಿಲ್’ ಎಂಬ ಉಪಕರಣದಲ್ಲಿ ‘ಪ್ಯಾಟರ್ನ್’ ಎಂಬುದನ್ನು ಆರಿಸಿ, ಕಾಪಿ ಮಾಡಿದ ಚೌಕವನ್ನೇ ಸುರಿದರಾಯಿತು. ಸಾಲಿಗೆ ಆರರಂತೆ ಆರು ಸಾಲು, ಒಟ್ಟು ೩೬ ಚೌಕಗಳು ಕೂದಲೆಳೆಯಷ್ಟೂ ಹೆಚ್ಚುಕಡಮೆಯಿಲ್ಲದೆ ಹಾಸಿಕೊಳ್ಳುವುವು.

ಇಷ್ಟಕ್ಕೇ ಹಾಳೆ ಸಿದ್ಧವಾಯಿತೆಂದು ತಿಳಿಯಬಾರದು. ಕೆಂಪು ಸೆರಗು ಪೂರ್ಣ ಬಣ್ಣದಲ್ಲಿದ್ದರೆ ಮೇಲಿರಿಸಿದ ಮುಖಗಳು ಮಂಕಾಗುವುವು. ಅದಕ್ಕಾಗಿ ಬಟ್ಟೆಯ ಪದರದ ಕೆಳಗೆ ಕೆನೆಬಣ್ಣದ ಪದರವೊಂದನ್ನು ಹಾಕಿ, ಬಟ್ಟೆಯ ‘ಒಪಾಸಿಟಿ’ಯನ್ನು ನೂರರಿಂದ ಮೂವತ್ತರ ಸುಮಾರಿಗೆ ಇಳಿಸಿರಿ. ಕೆನೆಬಣ್ಣವನ್ನು ಭಾವಚಿತ್ರದಿಂದಲೇ, ಬಣ್ಣ ಹೆಕ್ಕುವ ಉಪಕರಣದಿಂದ, ಆರಿಸಿಕೊಂಡರೆ ಚಿತ್ರಕ್ಕೂ ಹಾಳೆಗೂ ತಾನಾಗಿಯೇ ಹೊಂದಿಕೆಯಾಗುವುದು. ಪುಸ್ತಕದ ಆರಂಭದಲ್ಲಿ ಒಂದು ಪುಟಕ್ಕೆ ಮಾತ್ರ ಸೆರಗನ್ನು ಪೂರ್ಣ ಬಣ್ಣದಲ್ಲಿ ಬಿಡಬಹುದು. ಹಿರಿಯರ ಕೈಬರಹದ ಕಾಗದ, ಅಂಗಳದ ರಂಗೋಲಿ, ಹಳೆಯ ಲಗ್ನಪತ್ರಿಕೆ, ಇವೆಲ್ಲವೂ ಇದೇ ಕ್ರಮದಿಂದ ಹಿನ್ನೆಲೆಯಾಗಬಲ್ಲುವು.

ಕಾಪಿಡುವ ವಿಷಯದಲ್ಲಿ ಎಚ್ಚರ ಬೇಕು. ಪದರಗಳಿರುವ ಕಡತವನ್ನು ಗಿಂಪಿನ ಎಕ್ಸ್‌ಸಿಎಫ್ ರೂಪದಲ್ಲಿಯೇ ಉಳಿಸಿಕೊಳ್ಳಿರಿ. ಜೆಪೆಗ್ ರೂಪವು ಕಡತವನ್ನು ಕಿರಿದು ಮಾಡುವುದೇನೋ ನಿಜ. ಆದರೆ ತಿದ್ದಿ ಮತ್ತೆ ಮತ್ತೆ ಉಳಿಸಿದಂತೆಲ್ಲ ಸೂಕ್ಷ್ಮವು ಸವೆಯುವುದು. ಆದುದರಿಂದ ಅಚ್ಚಿಗೆ ಕೊಡುವಾಗ ಮಾತ್ರ ಒಮ್ಮೆ ಆ ರೂಪಕ್ಕೆ ತನ್ನಿರಿ. ಮೂಲದ ಸ್ಕ್ಯಾನನ್ನು ತಿದ್ದದೆ ಎರಡು ಕಡೆ ಇಡಿರಿ; ಒಂದು ಬೇರೆ ಮನೆಯಲ್ಲಿದ್ದರೆ ಇನ್ನೂ ಲೇಸು. ಪರದೆಯು ತಾನೇ ಬೆಳಗುವುದರಿಂದ ಅಲ್ಲಿ ಕಂಡ ಬಣ್ಣವು ಕಾಗದದಲ್ಲಿ ತುಸು ಕಪ್ಪಾಗಿ ಬರುವುದು ಸಹಜ. ಒಂದು ಪುಟವನ್ನು ಮೊದಲು ಪರೀಕ್ಷೆಗೆಂದು ಅಚ್ಚು ಮಾಡಿಸಿ, ಹಗಲು ಬೆಳಕಿನಲ್ಲಿ ನೋಡಿ, ಆಮೇಲೆ ಉಳಿದುವನ್ನು ಕೊಡುವುದು ಮೇಲು. ನಾನು ಹಾಗೆ ಮಾಡಿದ್ದರೆ ಮೊದಲ ಸಲದ ಹಣವಾದರೂ ಉಳಿಯುತ್ತಿತ್ತು.

ಪುಸ್ತಕವು ಶಾಂತಿಯ ದಿನಕ್ಕೆ ಒದಗಲಿಲ್ಲ. ಯುಗಾದಿಗೆ ಅಣ್ಣನ ಕೈಸೇರಿತು. ಅತ್ತಿಗೆಯವರು ಪುಟ ತಿರುವುತ್ತ, “ಇದು ಅತ್ತಿಯವರ ಸೆರಗಲ್ಲೇನ? ಇಲ್ಲಿ ನೋಡು, ಅವರು ಹಾಕಿದ ಹೊಲಿಗಿ!” ಎಂದು ಆ ಎರಡು ಎಳೆಗಳನ್ನೇ ಗುರುತಿಸಿದರು. ಈಗ ಅವರು ಭಾಂಡೆಯವಳನ್ನು ಕೂಗುವ ಮುನ್ನ ನನಗೆ ಫೋನು ಮಾಡುತ್ತಾರೆ.

ಓದುಗರಾದ ತಾವೂ ಈ ತಿಂಗಳು ಟ್ರಂಕಿನ ತಳದಲ್ಲಿರುವ ಬಟ್ಟೆಗಳನ್ನು ಒಮ್ಮೆ ಬಿಸಿಲಿಗೆ ತೆಗೆಯಿರಿ. ಕೊಡಬೇಕಾದುದನ್ನು ಕೊಡಬಹುದು, ಕೊಡುವ ಮೊದಲು ಚಿತ್ರವನ್ನು ಇಳಿಸಿಕೊಂಡು, ಅದನ್ನು ದೊಡ್ಡದಾಗಿ ತೆರೆದು, ಎಳೆ ಎಳೆಯೂ ಕಾಣುವುದೋ ಇಲ್ಲವೋ ಎಂದು ಪರೀಕ್ಷಿಸಿರಿ. ಕೊನೆಗೆ ಅಂಗೈಯಗಲದ ತುಂಡೊಂದನ್ನು ಕತ್ತರಿಸಿ ಮನೆಯಲ್ಲಿಯೇ ಇಟ್ಟುಕೊಳ್ಳಿರಿ. ಪುಟದ ಮೇಲೆ ಅಕ್ಷರಗಳನ್ನು ಬರೆಯುವ ಕ್ರಮವನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ.